ಬೆಂಡಿನ ಮೇಲೊಂದು ಕಣ್ಣು: ‘ಗಾನ್ ಫಿಶಿಂಗ್’ ಯಾಕೆ ಹಿಡಿಸುತ್ತದೆ?

ಪ್ರಶ್ನೆ: ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಹಾಸನದಿಂದ ಅಪ್ಪ ಆರು ತಿಂಗಳ ಮಟ್ಟಿಗೆ ಬಂದಿದ್ದಾರೆ. ಎರಡು ವರ್ಷದ ಹಿಂದೆ ಅವರಿಗೆ ಬೈಪಾಸ್ ಆಗಿದೆ. ಟಿವಿಯಲ್ಲಿ ಏನು ಹಾಕಿದರೂ ಹತ್ತು ನಿಮಿಷಕ್ಕೆ ಎದ್ದುಹೋಗುವವರು, ಇಬ್ಬರು ಹಾಸ್ಯಗಾರರು ನದಿ ದಡದಲ್ಲಿ ಗಾಳ ಹಾಕುವ ‘ಮಾರ್ಟಿಮರ್ ಅಂಡ್ ವೈಟ್‌ಹೌಸ್: ಗಾನ್ ಫಿಶಿಂಗ್’ ಬಂದರೆ ಮಾತ್ರ ಕೂತಲ್ಲಿಂದ ಅಲ್ಲಾಡುವುದಿಲ್ಲ. ನಾವು ಮೀನು ತಿನ್ನುವವರಲ್ಲ, ಗಾಳ ಹಿಡಿದವರೂ ಅಲ್ಲ. ಅವರಾಡುವ ಇಂಗ್ಲಿಷ್ ಅಪ್ಪನಿಗೆ ಅರ್ಧ ತಿಳಿಯುವುದಿಲ್ಲ. ಏನೂ ನಡೆಯದ ಈ ಕಾರ್ಯಕ್ರಮದಲ್ಲಿ ಅಂಥದ್ದೇನಿದೆ? ಅವರು ಮಾಡುವುದನ್ನು ತಿಳಿದು ನೋಡಬೇಕೆಂದರೆ ಏನನ್ನು ಗಮನಿಸಬೇಕು? ಹಿಡಿದು ಬಿಡುವ ಮೀನಿಗೆ ನೋವಾಗುವುದಿಲ್ಲವೆ? ಅಪ್ಪನನ್ನು ಒಂದು ದಿನ ಗಾಳ ಹಾಕಲು ಕರೆದೊಯ್ಯಬಹುದೆ?

ಉತ್ತರ: ‘ಏನೂ ನಡೆಯದ’ ಎನ್ನುವುದಕ್ಕೇ ನನ್ನ ಮೊದಲ ತಕರಾರು. ನಿಜವಾಗಿ ಏನೂ ನಡೆಯದ ಟಿವಿ ಬೇರೆ ಇದೆ. ನಾರ್ವೆಯ ಎನ್‌ಆರ್‌ಕೆ ವಾಹಿನಿ 2009ರಲ್ಲಿ ಬರ್ಗೆನ್‌ನಿಂದ ಆಸ್ಲೋಗೆ ಹೋಗುವ ರೈಲಿನ ಪ್ರಯಾಣವನ್ನು ಏಳು ಗಂಟೆಗೂ ಹೆಚ್ಚು ಕಾಲ ಇದ್ದದ್ದು ಇದ್ದಂತೆ ತೋರಿಸಿತು. ‘ಗಾನ್ ಫಿಶಿಂಗ್’ ಆ ಜಾತಿಯದಲ್ಲ. ಒಂದು ಕಂತು ಸುಮಾರು ಅರ್ಧ ಗಂಟೆಯದು. ಅಷ್ಟರಲ್ಲಿ ಒಂದು ನದಿ, ಒಂದು ಜಾತಿಯ ಮೀನು, ಒಂದು ರಾತ್ರಿಯ ವಾಸ್ತವ್ಯ, ಒಂದು ಅಡುಗೆ, ಒಂದೆರಡು ಜಾರಿಬೀಳುವಿಕೆ, ಹತ್ತಾರು ತಮಾಷೆ, ಕೊನೆಗೆ ಮೀನು ಸಿಕ್ಕಿತೋ ಇಲ್ಲವೋ ಎಂಬ ತೀರ್ಮಾನ, ಎಲ್ಲವೂ ಮುಗಿಯಬೇಕು. ನಿಧಾನ ಅನ್ನಿಸುವುದು ಅದನ್ನು ಕತ್ತರಿಸಿ ಜೋಡಿಸಿರುವ ಕೌಶಲದಿಂದ. ಗಡಿಯಾರ ಹಿಡಿದು ನೋಡಿದರೆ ಅದರೊಳಗೆ ಬಿಡುವೇ ಇಲ್ಲ.

ಹಿನ್ನೆಲೆಯನ್ನು ಅಪ್ಪನಿಗೆ ಹೇಳಿದರೆ ಅವರು ಬೇರೆಯೇ ಕಣ್ಣಿನಿಂದ ನೋಡಬಹುದು. ಪಾಲ್ ವೈಟ್‌ಹೌಸ್, ಬಾಬ್ ಮಾರ್ಟಿಮರ್ ಇಬ್ಬರೂ 1990ರ ದಶಕದಿಂದ ಬ್ರಿಟನ್ನಿನ ಮನೆಮಾತಾದ ಹಾಸ್ಯಗಾರರು. ಪಾಲ್ ‘ದಿ ಫಾಸ್ಟ್ ಶೋ’ದಿಂದ ಹೆಸರಾದವರು, ಬಾಬ್ ವಿಕ್ ರೀವ್ಸ್ ಜೊತೆಗಿನ ಜೋಡಿಯಿಂದ. ಬಾಬ್ ಅದಕ್ಕೂ ಮೊದಲು ವಕೀಲಿಕೆ ಮಾಡುತ್ತಿದ್ದರು. 2015ರಲ್ಲಿ ಅವರಿಗೆ ಮೂರು ರಕ್ತನಾಳಗಳ ಬೈಪಾಸ್ ಆಯಿತು. ಎಷ್ಟೋ ವರ್ಷದ ಸಂಗಾತಿಯನ್ನು ಅವರು ಮದುವೆಯಾದದ್ದು ಆ ಶಸ್ತ್ರಚಿಕಿತ್ಸೆಯ ದಿನದ ಬೆಳಿಗ್ಗೆ. ಪಾಲ್‌ಗೂ ಹೃದಯದ ತೊಂದರೆ, ಸ್ಟೆಂಟ್ ಹಾಕಿಸಿಕೊಂಡವರು. ಆಪರೇಷನ್ ಆದ ಮೇಲೆ ಬಾಬ್ ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದಾಗ ಅವರನ್ನು ಎಬ್ಬಿಸಿ ನದಿ ದಡಕ್ಕೆ ಎಳೆದುಕೊಂಡು ಹೋದವರು ಪಾಲ್. ಕಾರ್ಯಕ್ರಮ ಹುಟ್ಟಿದ್ದು ಅಲ್ಲಿಂದ. ಬಿಬಿಸಿ ಟೂ ವಾಹಿನಿಯಲ್ಲಿ ಮೊದಲ ಸರಣಿ 2018ರ ಜೂನ್‌ನಲ್ಲಿ ಬಂತು. ಬೈಪಾಸ್ ಆದ ಪ್ರೇಕ್ಷಕರೊಬ್ಬರು ಅದನ್ನು ಬಿಟ್ಟೇಳದೆ ನೋಡುತ್ತಾರೆ ಎಂದರೆ ಭಾಷೆ ಅರ್ಧ ತಿಳಿಯದಿದ್ದರೂ ವಿಷಯ ಅವರಿಗೆ ಮುಟ್ಟಿದೆ ಎಂದೇ ನನ್ನ ಎಣಿಕೆ. ಬಾಬ್ ದಡದ ಏರು ಹತ್ತಿ ಉಸಿರು ತೆಗೆದುಕೊಳ್ಳಲು ನಿಲ್ಲುವುದಕ್ಕೆ ಅನುವಾದ ಬೇಡ.

ಇನ್ನು ಆಕರ್ಷಣೆಯ ಮೂಲ. ಸಂದರ್ಶನದ ಕಾರ್ಯಕ್ರಮಗಳಲ್ಲಿ ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬರು ಕೇಳಬೇಕು, ಇನ್ನೊಬ್ಬರು ಹೇಳಲೇಬೇಕು. ಎರಡು ಕ್ಷಣ ಮೌನವಾದರೆ ಮುಜುಗರ. ಗಾಳ ಹಾಕುವವರು ಪಕ್ಕಪಕ್ಕ ಕೂರುತ್ತಾರೆ, ಇಬ್ಬರ ಕಣ್ಣೂ ನೀರಿನ ಮೇಲೆ. ನಮ್ಮ ಊರುಗಳ ಜಗಲಿಯ ಮೇಲೆ ಹಿರಿಯರು ಬೀದಿ ನೋಡುತ್ತಾ ಮಾತಾಡುವ ಹಾಗೆ. ಮುಖ ನೋಡದೆ ಆಡುವುದರಿಂದ ಹೇಳಲಾಗದ ಮಾತು ಹೊರಗೆ ಬರುತ್ತದೆ. ಮೌನಕ್ಕೂ ಒಂದು ನೆಪವಿದೆ, ದಾರಕ್ಕೆ ಕಟ್ಟಿ ನೀರಲ್ಲಿ ತೇಲಬಿಟ್ಟ ಬೆಂಡು ನೋಡಬೇಕಲ್ಲ! ಗಂಡಸರಿಬ್ಬರು ಸಾವಿನ ಭಯ, ಬಾಲ್ಯದಲ್ಲಿ ತೀರಿಕೊಂಡ ಅಪ್ಪ, ಮುಪ್ಪು ಇವುಗಳ ಬಗ್ಗೆ ಕ್ಯಾಮೆರಾ ಮುಂದೆ ಇಷ್ಟು ಸಲೀಸಾಗಿ ಮಾತಾಡುವುದು ಟಿವಿಯಲ್ಲಿ ಅಪರೂಪ. ಅದನ್ನು ಸಾಧ್ಯ ಮಾಡಿದ್ದರಲ್ಲಿ ಅವರ ಸ್ವಭಾವದ ಪಾಲಿನಷ್ಟೇ ಕೂತ ಭಂಗಿಯ ಪಾಲೂ ಇದೆ. ಮುಂದಿನ ಸಲ ಗಮನಿಸಿ: ಗಂಭೀರ ಮಾತಿನ ಹೊತ್ತಿಗೆ ಚಿತ್ರ ಹೆಚ್ಚಾಗಿ ಇಬ್ಬರನ್ನೂ ಒಟ್ಟಿಗೆ, ದೂರದಿಂದ ಹಿಡಿದಿರುತ್ತದೆ. ಕಣ್ಣೀರು ಹುಡುಕುತ್ತಾ ಮುಖದ ಹತ್ತಿರ ನುಗ್ಗುವ ಚಪಲ ಅಲ್ಲಿಲ್ಲ.

ಎರಡನೆಯ ಸಂಗತಿ ಇನ್ನೂ ಸೊಗಸು. ಮಾತು ಭಾರವಾಗುತ್ತಿದ್ದಂತೆ ಮೀನು ಎರೆಗೆ ಬಾಯಿ ಹಾಕುತ್ತದೆ. ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ, ಇಬ್ಬರೂ ಮಕ್ಕಳಂತೆ ಕೂಗಾಡುತ್ತಾರೆ. ನಾಟಕ ಬರೆಯುವವರಿಗೆ ಇಂಥ ದೃಶ್ಯ ಮುಗಿಸುವುದೇ ಕಷ್ಟ: ಯಾರೋ ಒಬ್ಬರು ಕೊನೆಯ ಮಾತು ಹೇಳಬೇಕು, ಅದು ಉಪದೇಶವಾಗಿಬಿಡುತ್ತದೆ. ಇಲ್ಲಿ ಮೀನೇ ಮಾತು ಕತ್ತರಿಸುವುದರಿಂದ ಯಾರೂ ತೀರ್ಪು ಕೊಡಬೇಕಿಲ್ಲ. ಮೀನು ಯಾವಾಗ ಕಚ್ಚುತ್ತದೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಕ್ಯಾಮೆರಾ ಸುಮ್ಮನೆ ಓಡುತ್ತಲೇ ಇರಬೇಕಾಗುತ್ತದೆ. ಹಾಗೆ ಕಾಯುವಾಗ ಆಡಿದ ಹರಟೆಯೇ ಆಮೇಲೆ ಕಾರ್ಯಕ್ರಮದ ಜೀವ.

ಕೆಲಸದ ಹಂಚಿಕೆಯನ್ನೂ ನೋಡಿ. ನದಿ, ಮೀನು, ಸಲಕರಣೆ ಪಾಲ್ ಪಾಲು. ತಂಗುವ ಜಾಗ, ಹೃದಯಕ್ಕೆ ಹಿತವಾದ ಅಡುಗೆ ಬಾಬ್ ಪಾಲು. ಪಾಲ್ ಚಿಕ್ಕಂದಿನಿಂದ ತಂದೆಯ ಜೊತೆ ಗಾಳ ಹಾಕಿ ಬೆಳೆದವರು. ಅವರ ಕೈಯ ಚಲನೆಯಲ್ಲಿ ಒಂದು ಕಣವೂ ವ್ಯರ್ಥವಿಲ್ಲ. ಬಾಬ್ ಕಲಿಯುವವರು. ಇಬ್ಬರೂ ನುರಿತವರಾಗಿದ್ದರೆ ಅದು ಗಾಳ ಹಾಕುವವರಿಗಷ್ಟೇ ಮೀಸಲಾದ ಪಾಠವಾಗುತ್ತಿತ್ತು, ಇಬ್ಬರೂ ಹೊಸಬರಾಗಿದ್ದರೆ ಬರೀ ಪ್ರಹಸನ. ಪಾಲ್ ಸಿಡುಕುತ್ತಾ ಹೇಳಿಕೊಡುವುದು, ಬಾಬ್ ಅದನ್ನು ಕೇಳಿಸಿಕೊಂಡೂ ತಪ್ಪುವುದು, ಇದರ ನಡುವೆ ಗಾಳದ ಗಂಧವಿಲ್ಲದ ಪ್ರೇಕ್ಷಕರೂ ಒಂದಿಷ್ಟು ಕಲಿತುಬಿಡುತ್ತಾರೆ. ನೇಪಥ್ಯದಲ್ಲಿ ಜಾನ್ ಬೇಲಿ ಎಂಬ ಅನುಭವಿ ಗಾಳಗಾರರ ಸಲಹೆ ಇತ್ತು ಎಂಬುದನ್ನೂ ಹೇಳಬೇಕು. ಟೆಡ್ ಎಂಬ ನಾಯಿ ಸೇರಿದ್ದು ಆಮೇಲೆ. ಅದು 2024ರಲ್ಲಿ ತೀರಿಕೊಂಡಿತು. ನೀವು ಹಳೆಯ ಕಂತುಗಳನ್ನು ನೋಡುತ್ತಿದ್ದರೆ ಅಪ್ಪನಿಗೆ ಇದನ್ನು ಈಗಲೇ ಹೇಳದಿದ್ದರೂ ನಡೆದೀತು.

ಪರದೆಯನ್ನು ಓದುವ ಬಗೆಗೆ ಬರೋಣ. ಕಾರ್ಯಕ್ರಮದಲ್ಲಿ ಕಾಣುವ ಗಾಳವನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು: ಬೆಂಡು ಕಟ್ಟಿ ಹಾಕುವುದು, ಭಾರ ಕಟ್ಟಿ ತಳಕ್ಕೆ ಇಳಿಸುವುದು, ನೊಣದ ಆಕಾರದ ಗಾಳವನ್ನು ಬೀಸುವುದು. ನೀರಲ್ಲಿ ಗಿರಗಿರ ತಿರುಗುವ ಲೋಹದ ತುಂಡನ್ನೋ ಸತ್ತ ಮೀನನ್ನೋ ಎರೆಯಾಗಿ ಬಳಸಿ ಪೈಕ್ ಎಂಬ ಬೇಟೆಮೀನು ಹಿಡಿಯುವುದೂ ಇದೆ. ಪೈಕ್‌ನ ಹಲ್ಲು ನೈಲಾನ್ ದಾರವನ್ನು ಕತ್ತರಿಸುವುದರಿಂದ ಅಲ್ಲಿ ಗಾಳದ ಹತ್ತಿರ ತಂತಿ ಇರಲೇಬೇಕು. ಅದಿಷ್ಟು ಸಾಕು.

ಬೆಂಡಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅಪ್ಪನ ಕಣ್ಣು ನೆಟ್ಟಿರುವುದು ಅಲ್ಲೇ ಇರಬೇಕು. ಬೆಂಡಿನ ಕೆಳಗೆ ದಾರದ ಮೇಲೆ ಸಣ್ಣ ಸಣ್ಣ ಭಾರದ ಮಣಿಗಳನ್ನು ಕಚ್ಚಿಸಿರುತ್ತಾರೆ. ಬ್ರಿಟನ್ನಿನಲ್ಲಿ ಇವು ಸೀಸದವಾಗಿರುವಂತಿಲ್ಲ. ಹಂಸಗಳು ನುಂಗಿ ಸಾಯುತ್ತಿದ್ದುದರಿಂದ 0.06 ಗ್ರಾಂನಿಂದ 28.35 ಗ್ರಾಂವರೆಗಿನ ಸೀಸದ ತೂಕಗಳನ್ನು 1987ರಿಂದ ನಿಷೇಧಿಸಿದ್ದಾರೆ. ಭಾರ ಸರಿಯಾಗಿದ್ದರೆ ಬೆಂಡಿನ ತುದಿ ನೀರಿನಿಂದ ಅರ್ಧ ಸೆಂಟಿಮೀಟರ್‌ನಿಂದ ಒಂದು ಸೆಂಟಿಮೀಟರ್ ಮಾತ್ರ ಹೊರಗಿರುತ್ತದೆ. ಹೆಚ್ಚು ಹೊರಗಿದ್ದರೆ ಮೀನಿಗೆ ಎಳೆಯುವಾಗ ತಡೆ ಗೊತ್ತಾಗಿ ಎರೆಯನ್ನು ಉಗುಳಿಬಿಡುತ್ತದೆ. ಹೊಸಬರು ಮಾಡುವ ಮೊದಲ ತಪ್ಪು ಇದೇ: ತಮಗೆ ಚೆನ್ನಾಗಿ ಕಾಣಲಿ ಎಂದು ಬೆಂಡನ್ನು ಎತ್ತರವಾಗಿ ನಿಲ್ಲಿಸುವುದು. ಎರಡನೆಯ ತಪ್ಪು ನೀರಿನ ಆಳ ಅಳೆಯದಿರುವುದು. ಗಾಳಕ್ಕೊಂದು ಭಾರ ಸಿಕ್ಕಿಸಿ ಇಳಿಸಿ, ಬೆಂಡು ಮುಳುಗಿದರೆ ಅದನ್ನು ದಾರದ ಮೇಲೆ ಮೇಲಕ್ಕೆ, ಅಡ್ಡಬಿದ್ದರೆ ಕೆಳಕ್ಕೆ ಸರಿಸುತ್ತಾ ತಳ ಎಲ್ಲಿದೆ ಎಂದು ಕಂಡುಕೊಳ್ಳಬೇಕು. ಟೆಂಚ್‌ನಂಥ ಮೀನು ತಳದಲ್ಲಿ ಮೇಯುತ್ತದೆ. ಎರೆ ಅದರ ತಲೆಯ ಮೇಲೆ ಅರ್ಧ ಅಡಿ ಎತ್ತರದಲ್ಲಿ ತೂಗಾಡಿದರೆ ಇಡೀ ದಿನ ಕೂತರೂ ಫಲವಿಲ್ಲ.

ಟೆಂಚ್ ಕಂತಿನಲ್ಲಿ ನೀರಿನ ಮೇಲೆ ಸೋಪಿನ ನೊರೆಯಂಥ ಸಣ್ಣ ಗುಳ್ಳೆಗಳ ಗೊಂಚಲು ಕಾಣಿಸಿದರೆ ಪಾಲ್ ಮುಖ ನೋಡಿ. ಕೆಸರು ಕೆದಕಿ ತಿನ್ನುವ ಮೀನು ಬಿಡುವ ಗುಳ್ಳೆಗಳವು. ಕಚ್ಚಿದಾಗ ಬೆಂಡು ಯಾವಾಗಲೂ ಮುಳುಗುತ್ತದೆ ಎಂದುಕೊಳ್ಳಬೇಡಿ. ಕೊನೆಯ ಭಾರದ ಮಣಿ ತಳದಲ್ಲಿ ಕೂತಿರುವಾಗ ಮೀನು ಎರೆಯನ್ನು ಬಾಯಲ್ಲಿ ಹಿಡಿದು ತಲೆ ಎತ್ತಿದರೆ ಆ ಮಣಿಯೂ ಮೇಲೇಳುತ್ತದೆ, ಭಾರ ಇಳಿದ ಬೆಂಡು ನೀರಿನಿಂದ ಎದ್ದು ನಿಲ್ಲುತ್ತದೆ ಅಥವಾ ಮಲಗುತ್ತದೆ. ಎಳೆಯಬೇಕಾದದ್ದು ಆಗಲೇ. ಮುಳುಗಲಿ ಎಂದು ಕಾಯುವವರಿಗೆ ಮೀನು ತಪ್ಪುತ್ತದೆ.

ಬಾರ್ಬೆಲ್ ಎಂಬ ಮೀನಿಗೆ, ಮುಖ್ಯವಾಗಿ ವೈ ನದಿಯಲ್ಲಿ, ಎರಡನೆಯ ವಿಧಾನ. ಅದರ ಬಾಯಿ ತಲೆಯ ಅಡಿಯಲ್ಲಿದೆ, ಸುತ್ತ ನಾಲ್ಕು ಮೀಸೆ, ರಭಸದ ನೀರಿನ ಕಲ್ಲುತಳಕ್ಕೆ ಅಂಟಿಕೊಂಡೇ ಇರುತ್ತದೆ. ಹೀಗಾಗಿ ಎರೆಯೂ ತಳದಲ್ಲೇ ನಿಲ್ಲಬೇಕು. ತೂತುಗಳಿರುವ ಸಣ್ಣ ಡಬ್ಬಿಯಲ್ಲಿ ಸೆಣಬಿನ ಬೀಜ, ಗುಳಿಗೆಯಂಥ ಮೀನಿನ ಆಹಾರ ತುಂಬಿ ಎಸೆಯುತ್ತಾರೆ. ಅದೇ ಭಾರವೂ ಹೌದು, ಮೇವೂ ಹೌದು. ದಾರ 10ರಿಂದ 12 ಪೌಂಡ್ ಎಳೆತ ತಾಳುವಂಥದು. ಬೆಂಡಿಲ್ಲ, ನೋಡಬೇಕಾದದ್ದು ಕೋಲಿನ ತುದಿ. ಸಣ್ಣ ನಡುಕಕ್ಕೆಲ್ಲ ಎಳೆಯಬಾರದು, ಅದು ದಾರಕ್ಕೆ ಮೀನಿನ ಮೈ ತಾಗಿದ್ದಿರಬಹುದು ಅಥವಾ ಹರಿದುಬಂದ ಕಳೆ. ನಿಜವಾಗಿ ಕಚ್ಚಿದ್ದರೆ ಸಂದೇಹವೇ ಉಳಿಯುವುದಿಲ್ಲ, ಕೋಲು ಬಾಗಿ ಕೈಯಿಂದ ಕಿತ್ತುಕೊಂಡು ಹೋಗುವಂತಾಗುತ್ತದೆ.

ಟೆಸ್ಟ್‌ನಂಥ ಸುಣ್ಣಕಲ್ಲಿನ ತಿಳಿನೀರಿನ ನದಿಗಳಲ್ಲಿ ಟ್ರೌಟ್ ಹಿಡಿಯುವುದೇ ಕಣ್ಣಿಗೆ ಹಬ್ಬ, ಹೊಸಬರಿಗೆ ಕಷ್ಟವೂ ಅದೇ. ಅಲ್ಲಿ ಗಾಳಕ್ಕೆ ತೂಕವೇ ಇಲ್ಲ. ಗರಿ, ದಾರ ಸುತ್ತಿ ಮಾಡಿದ ಸುಳ್ಳು ನೊಣ. ಎಸೆಯುವುದು ದಪ್ಪನೆಯ ದಾರದ ತೂಕವನ್ನು. ಕೋಲನ್ನು ಹಿಂದಕ್ಕೆ ಬೀಸಿದಾಗ ದಾರ ಬೆನ್ನ ಹಿಂದೆ ಪೂರ್ತಿ ನೇರವಾಗುವ ತನಕ ಒಂದು ಗಳಿಗೆ ಕಾದು ಆಮೇಲೆ ಮುಂದಕ್ಕೆ ತರಬೇಕು. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹಿಂದೆ ಒಂದು ಗಂಟೆ, ಮುಂದೆ ಹತ್ತು ಗಂಟೆ. ಇಷ್ಟರೊಳಗೆ ಕೋಲು ಆಡಬೇಕು. ಬಾಬ್ ದಾರ ಹಿಂದಿನ ಪೊದೆಗೆ ಸಿಕ್ಕಿಕೊಂಡಾಗ ಮಣಿಕಟ್ಟು ನೋಡಿ, ಅದು ಹಿಂದಕ್ಕೆ ಮಡಚಿ ಕೋಲು ಮೂರು ಗಂಟೆಯವರೆಗೆ ಬಿದ್ದಿರುತ್ತದೆ. ಚಾವಟಿಯಂತೆ ಛಟೀರೆಂದು ಸದ್ದು ಬಂದರೆ ಕಾಯದೆ ಮುಂದಕ್ಕೆ ತಂದಿದ್ದಾರೆ ಎಂದರ್ಥ, ನೊಣ ಕಿತ್ತುಹೋಗಿರಲೂಬಹುದು.

ನೊಣ ನೀರಿಗೆ ಬಿದ್ದ ಮೇಲೂ ಕೆಲಸ ಮುಗಿಯಲಿಲ್ಲ. ಅದು ಹರಿವಿನ ವೇಗದಲ್ಲೇ ತೇಲಬೇಕು. ನಡುವಿನ ರಭಸ ದಾರವನ್ನು ಎಳೆದರೆ ನೊಣ ನೀರಿನ ಮೇಲೆ ಗೆರೆ ಎಳೆಯುತ್ತಾ ಜಾರುತ್ತದೆ, ಟ್ರೌಟ್ ಅದನ್ನು ಮುಟ್ಟುವುದಿಲ್ಲ. ಅದಕ್ಕೇ ಗಾಳಗಾರ ಮೀನಿನ ಹಿಂದೆ, ಕೆಳಪಾತ್ರದಲ್ಲಿ ನಿಂತು ಮೇಲಕ್ಕೆ ಎಸೆಯುವುದು. ಮೀನು ಹರಿವಿಗೆ ಎದುರಾಗಿ ನಿಲ್ಲುವುದರಿಂದ ಬೆನ್ನ ಹಿಂದಿನವರು ಅದಕ್ಕೆ ಸುಲಭವಾಗಿ ಕಾಣುವುದಿಲ್ಲ. ಕಪ್ಪು ಕನ್ನಡಕ ಶೋಕಿಗಲ್ಲ. ಪೋಲರಾಯ್ಡ್ ಗಾಜು ನೀರಿನ ಮೇಲಿನ ಹೊಳಪು ಕಳೆದು ಒಳಗಿನ ಮೀನು ತೋರಿಸುತ್ತದೆ, ಬೀಸುವ ಗಾಳ ಕಣ್ಣಿಗೆ ತಗಲುವುದನ್ನೂ ತಪ್ಪಿಸುತ್ತದೆ. ಟ್ರೌಟ್ ನೊಣ ಹೀರಿದಾಗ ಕೋಲೆತ್ತಬೇಕು. ಸಾಲ್ಮನ್ ವಿಷಯದಲ್ಲಿ ತದ್ವಿರುದ್ಧ: ಅದು ಬಾಯಿ ಹಾಕಿ ತಿರುಗಿ ತಾನೇ ದಾರ ಬಿಗಿ ಮಾಡುವ ತನಕ ಕೈ ತಡೆದಿರಬೇಕು. ಸಾಲ್ಮನ್ ಮೊಟ್ಟೆಯಿಡಲು ಸಮುದ್ರದಿಂದ ನದಿಗೆ ಬಂದ ಮೇಲೆ ಊಟವನ್ನೇ ಬಿಟ್ಟಿರುತ್ತದೆ. ಹಸಿವಿಲ್ಲದ ಮೀನು ಕಚ್ಚಲಿ ಎಂದು ಕಾಯುವ ಹುಚ್ಚು ಅದು. ಆ ಕಂತುಗಳಲ್ಲಿ ಹರಟೆ ಜಾಸ್ತಿಯಾಗಿರುವುದು ಆಶ್ಚರ್ಯವಲ್ಲ.

ಮೀನು ಗಾಳಕ್ಕೆ ಬಿದ್ದ ಮೇಲೆ ತಪ್ಪುವುದು ಯಾಕೆ? ಹೆಚ್ಚಾಗಿ ದಾರ ಸಡಿಲಾಗುವುದರಿಂದ. ಮೀನು ದಡದ ಕಡೆಗೇ ನುಗ್ಗಿದಾಗ ಸುತ್ತಿಕೊಳ್ಳದಿದ್ದರೆ ಗಾಳ ಕಳಚುತ್ತದೆ, ಅದರಲ್ಲೂ ಹಿಮ್ಮುಳ್ಳಿಲ್ಲದ ಗಾಳ. ಇನ್ನೊಂದು ಕಾರಣ ರೀಲಿನ ಬಿಗಿತ. ದಾರ ತಾಳುವ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಎಳೆತಕ್ಕೆ ರೀಲು ದಾರ ಬಿಟ್ಟುಕೊಡಬೇಕು. 6 ಪೌಂಡಿನ ದಾರವಾದರೆ ಒಂದೂವರೆಯಿಂದ ಎರಡು ಪೌಂಡ್ ಎಳೆತಕ್ಕೆ. ಅದಕ್ಕಿಂತ ಬಿಗಿ ಮಾಡಿದರೆ ಮೊದಲ ಓಟಕ್ಕೇ ದಾರ ತುಂಡು. ರೀಲು ಕಿರ್ರೆಂದು ಸದ್ದು ಮಾಡುವಾಗ ಸುತ್ತಬಾರದು. ದಾರ ಹೊರಗೆ ಹೋಗುತ್ತಿರುವಾಗ ಸುತ್ತಿದರೆ ಅದು ಒಳಗೆ ಬರುವುದಿಲ್ಲ, ಹುರಿಗೊಂಡು ಗೋಜಲಾಗುತ್ತದೆ ಅಷ್ಟೆ. ಕೋಲನ್ನು ನಿಧಾನ ಎತ್ತಿ, ಇಳಿಸುವಾಗ ಸುತ್ತಿಕೊಳ್ಳಬೇಕು. ಕೊನೆಗೆ ಬಲೆ. ಕೈಬಲೆಯಿಂದ ಮೀನನ್ನು ಅಟ್ಟಿಸಿಕೊಂಡು ಹೋಗಿ ಗೋರುವುದು ದೊಡ್ಡ ತಪ್ಪು, ಬಲೆಯ ಅಂಚು ದಾರಕ್ಕೆ ತಗುಲಿ ಗಾಳ ಕಳಚುತ್ತದೆ. ಬಲೆ ನೀರಲ್ಲಿ ಮುಳುಗಿಯೇ ಇರಬೇಕು, ಮೀನನ್ನು ಅದರ ಮೇಲಕ್ಕೆ ಎಳೆದು ತಂದಾಗ ಎತ್ತಬೇಕು. ಬಲೆ ಒಬ್ಬರ ಕೈಯಲ್ಲಿ, ಕೋಲು ಇನ್ನೊಬ್ಬರ ಕೈಯಲ್ಲಿ ಇರುವ ಆ ಅರ್ಧ ನಿಮಿಷವೇ ನನಗೆ ಇಡೀ ಕಾರ್ಯಕ್ರಮದ ಅತ್ಯುತ್ತಮ ಭಾಗ. ಸ್ನೇಹದ ಬಗ್ಗೆ ಅವರಿಗೆ ಭಾಷಣ ಮಾಡುವ ಅಗತ್ಯ ಬೀಳದಿರುವುದು ಇದರಿಂದಲೇ.

ಬಾಬ್ ಬೀಳುವುದು ನಟನೆಯೇ ಎಂದು ಅನೇಕರು ಕೇಳುತ್ತಾರೆ. ಪಾಚಿ ಹಿಡಿದ ಗುಂಡುಕಲ್ಲಿನ ಮೇಲೆ, ಎದೆಯವರೆಗಿನ ರಬ್ಬರ್ ದಿರಿಸು ತೊಟ್ಟು ನಡೆಯುವವರೆಲ್ಲ ಬೀಳುತ್ತಾರೆ. ಊರುಗೋಲು ಊರಿ, ಒಂದು ಕಾಲು ಗಟ್ಟಿಯಾಗಿ ನಿಂತ ಮೇಲಷ್ಟೇ ಇನ್ನೊಂದನ್ನು ಎತ್ತಬೇಕು, ಹರಿವಿಗೆ ಬೆನ್ನು ಕೊಡಬಾರದು. ಬಾಬ್ ಅಷ್ಟು ನಿಯಮ ಪಾಲಿಸುವವರಲ್ಲ.

ಈ ಮೃದು ಧಾಟಿಗೆ ಪೂರ್ವಜರಿದ್ದಾರೆ. ಬಿಬಿಸಿ 1993ರಲ್ಲಿ ಪ್ರಸಾರ ಮಾಡಿದ ‘ಎ ಪ್ಯಾಶನ್ ಫಾರ್ ಆಂಗ್ಲಿಂಗ್’ನಲ್ಲಿ ಕ್ರಿಸ್ ಯೇಟ್ಸ್, ಬಾಬ್ ಜೇಮ್ಸ್ ಎಂಬ ಇಬ್ಬರು ಗಾಳಗಾರ ಗೆಳೆಯರು, ಕ್ಯಾಮೆರಾ ಹಿಂದೆ ವನ್ಯಜೀವಿ ಛಾಯಾಗ್ರಾಹಕ ಹ್ಯೂ ಮೈಲ್ಸ್. ಅದು ಹೆಚ್ಚು ಕಾವ್ಯಮಯ. ‘ಗಾನ್ ಫಿಶಿಂಗ್’ ಅದಕ್ಕಿಂತ ಒರಟು, ನನ್ನ ಮಟ್ಟಿಗೆ ಹೆಚ್ಚು ನಿಜ. ಎದುರು ಧ್ರುವದಲ್ಲಿ ಜೆರೆಮಿ ವೇಡ್ ಅವರ ‘ರಿವರ್ ಮಾನ್ಸ್ಟರ್ಸ್’ ಇದೆ: ನರಭಕ್ಷಕ ಮೀನು, ಗುಡುಗಿನ ಸಂಗೀತ. ಆದರೆ ಅದೇ ವೇಡ್ ತಮ್ಮ ಅಲೆದಾಟ ಶುರುಮಾಡಿದ್ದು 1980ರ ದಶಕದ ಆರಂಭದಲ್ಲಿ ಭಾರತದ ನದಿಗಳಿಂದ.

ಇಲ್ಲಿ ನಿಮ್ಮ ಅಪ್ಪನಿಗೊಂದು ಸುದ್ದಿ. ವೈ ನದಿಯ ಬಾರ್ಬೆಲ್ ನಮ್ಮ ಕಾವೇರಿಯ ಮಹಸೀರ್‌ಗೆ ಬಂಧು. ಕಾರ್ಪ್ ಕುಟುಂಬವೇ ಎರಡರದ್ದೂ, ಮೀಸೆ, ರಭಸದ ನೀರಿನ ಒಲವು, ಮೊದಲ ಓಟದ ಬಿರುಸು ಎರಡಕ್ಕೂ ಉಂಟು. ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಸೀರ್ ಗಾಳಗಾರರ ನಡುವೆ ಇಂದಿಗೂ ದಾಖಲೆ. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಯ ಶಿಬಿರಗಳಿಗೆ ಬ್ರಿಟನ್ನಿನಿಂದ ಜನ ಬರುತ್ತಿದ್ದರು. ಅಲ್ಲಿ ಹೆಸರಾದ ಎರೆ ಯಾವುದು ಗೊತ್ತೆ? ಗಟ್ಟಿಯಾಗಿ ನಾದಿ ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ಅಭಯಾರಣ್ಯದೊಳಗೆ ಗಾಳ ಹಾಕುವುದು ವನ್ಯಜೀವಿ ಕಾಯ್ದೆಗೆ ವಿರುದ್ಧ ಎಂದು ಸುಮಾರು 2012ರ ಹೊತ್ತಿಗೆ ಅದು ನಿಂತಿತು. ಅಲ್ಲಿನ ಗೂನುಬೆನ್ನಿನ ಮಹಸೀರ್‌ಗೆ ಟಾರ್ ರೆಮಾದೇವಿಯೈ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಈಗ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ.

ನೋವಿನ ಪ್ರಶ್ನೆಗೆ ನುಣುಚಿಕೊಳ್ಳುವ ಉತ್ತರ ಬೇಡ. ಜೀವವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ಟ್ರೌಟ್‌ನ ಬಾಯಿಯ ಸುತ್ತ ಗಾಯ, ಬಿಸಿ, ರಾಸಾಯನಿಕಗಳಿಗೆ ಪ್ರತಿಕ್ರಿಯಿಸುವ ನರಗಳಿರುವುದನ್ನು ತೋರಿಸಿದರು. ಆ ಪ್ರತಿಕ್ರಿಯೆಯನ್ನು ನಾವು ಅನುಭವಿಸುವ ನೋವಿಗೆ ಸಮ ಎನ್ನಬಹುದೇ ಎಂಬ ವಾದ ಇನ್ನೂ ಮುಗಿದಿಲ್ಲ. ಏನೇ ಆಗಲಿ, ಮೀನಿಗೆ ಆಯಾಸ, ಭಯ ಖಂಡಿತ ಆಗುತ್ತದೆ. ಬಿಟ್ಟುಬಿಟ್ಟರೆ ಪಾಪವೆಲ್ಲ ತೊಳೆದುಹೋಯಿತು ಎಂದು ನಾನು ಹೇಳಲಾರೆ. ಹೇಳಬಹುದಾದದ್ದು, ಬಿಡುವ ಕ್ರಮ ಸರಿಯಿದ್ದರೆ ಬಹುಪಾಲು ಮೀನು ಬದುಕುತ್ತದೆ. ಕೆಟ್ಟದಾಗಿ ಬಿಟ್ಟರೆ ಕಣ್ಣಿಗೆ ಕಾಣದಷ್ಟು ದೂರ ಹೋಗಿ ಸಾಯುತ್ತದೆ.

ಆ ಕ್ರಮವನ್ನು ಪಾಲ್ ಕೈಯಲ್ಲಿ ನೋಡಬಹುದು. ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳುವುದು, ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಅಲ್ಲಿ ಬೂಷ್ಟು ರೋಗ ಹತ್ತುತ್ತದೆ. ಗಂಟಿಲ್ಲದ ನುಣುಪು ಬಲೆ. ಕಲ್ಲು, ಒಣಹುಲ್ಲಿನ ಮೇಲೆ ಮಲಗಿಸದೆ ನೀರು ಚಿಮುಕಿಸಿದ ಮೆತ್ತೆಯ ಮೇಲೆ. ಗಾಳ ಬಿಡಿಸಲು ಉದ್ದ ಚಿಮುಟ. ಗಾಳಿಯಲ್ಲಿ ಹತ್ತಿಪ್ಪತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ಫೋಟೊ ತೆಗೆಯುವವರು ಮೊದಲೇ ಸಿದ್ಧವಾಗಿರಬೇಕು, ಕಿವಿರೊಳಗೆ ಬೆರಳು ಹಾಕಲೇಬಾರದು. ಬಾರ್ಬೆಲ್ ಜೀವ ಸೋಲುವಷ್ಟು ಸೆಣಸುವ ಮೀನಾದ್ದರಿಂದ ಅದರ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಬಾಲದ ಬಡಿತ ಬಲವಾಗಿ ತಾನೇ ಕೈಯಿಂದ ಜಾರುವವರೆಗೆ ನಿಮಿಷಗಟ್ಟಲೆ ಕಾಯಬೇಕಾಗುತ್ತದೆ. ನೀರಿನ ಉಷ್ಣತೆ 20 ಡಿಗ್ರಿ ದಾಟಿದ ದಿನ ಟ್ರೌಟ್‌ಗೆ ಗಾಳ ಹಾಕದಿರುವುದೇ ಧರ್ಮ; ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ಬಿಟ್ಟರೂ ಚೇತರಿಸಿಕೊಳ್ಳುವುದಿಲ್ಲ. ‘ಅಂಡ್ ಅವೇ’ ಎನ್ನುತ್ತಾ ಅವರು ಮೀನು ಬಿಡುವ ಹಿಂದೆ ಇಷ್ಟೆಲ್ಲ ಇದೆ.

ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಈ ಕಾರ್ಯಕ್ರಮ ನೋಡಿ ಬ್ರಿಟನ್ನಿನ ನದಿಗಳೆಲ್ಲ ಹೀಗೆ ತಿಳಿಯಾಗಿ ಹರಿಯುತ್ತವೆ ಎಂದುಕೊಂಡರೆ ಮೋಸಹೋದಿರಿ. ಪಾಲ್ 2023ರಲ್ಲಿ ಬಿಬಿಸಿಗೆ ಮಾಡಿದ ಎರಡು ಕಂತಿನ ‘ಅವರ್ ಟ್ರಬಲ್ಡ್ ರಿವರ್ಸ್’ ಸಾಕ್ಷ್ಯಚಿತ್ರ ಕೊಳಚೆ ನೀರಿನ, ಜಮೀನಿನಿಂದ ಹರಿದುಬರುವ ಕೊಳೆಯ ಕತೆ ಹೇಳುತ್ತದೆ. ಸುಂದರಿ ವೈ ನದಿಗೆ ಕೋಳಿ ಸಾಕಣೆಯ ಗೊಬ್ಬರದಿಂದ ರಂಜಕ ಸೇರಿ ಪಾಚಿ ಕಟ್ಟುತ್ತಿದೆ. ಅದನ್ನೂ ನೋಡಿ, ಆದರೆ ಮಲಗುವ ಮುಂಚೆ ಬೇಡ.

ಅಪ್ಪನನ್ನು ಕರೆದೊಯ್ಯುವ ಮಾತು. ಧಾರಾಳವಾಗಿ ಕರೆದೊಯ್ಯಿರಿ. ಬೈಪಾಸ್‌ನಲ್ಲಿ ಕತ್ತರಿಸಿದ ಎದೆಮೂಳೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರದಲ್ಲಿ ಕೂಡಿಕೊಳ್ಳುತ್ತದೆ, ಅವರಿಗೆ ಎರಡು ವರ್ಷವೇ ಆಗಿದೆ. ಆದರೂ ವೈದ್ಯರನ್ನೊಮ್ಮೆ ಕೇಳಿ. ನೊಣ ಬೀಸುವುದು ಮೊದಲ ದಿನಕ್ಕೆ ಬೇಡ, ಭುಜ ಹಿಡಿದುಕೊಳ್ಳುತ್ತದೆ. ನೀರಿಗೆ ಇಳಿಯುವುದೂ ಬೇಡ. ಕುರ್ಚಿ ಹಾಕಿ ಕೂರಬಹುದಾದ ಕೆರೆ, ಹಗುರ ಕೋಲು, ಬೆಂಡು. ತಣ್ಣನೆಯ ಗಾಳಿ ಹೃದ್ರೋಗಿಗಳಿಗೆ ಎದೆ ಬಿಗಿ ತರಬಹುದು, ಹಾಗಾಗಿ ಚಳಿಗಾಲದ ಮುಂಜಾವು ಬಿಟ್ಟು ಬೇಸಿಗೆಯ ಸಂಜೆ ಆರಿಸಿಕೊಳ್ಳಿ. ಮಾತ್ರೆಗಳು ಕಾರಿನಲ್ಲಲ್ಲ, ಜೇಬಿನಲ್ಲಿರಲಿ.

ಇಂಗ್ಲೆಂಡಿನಲ್ಲಿ 13 ವರ್ಷ ತುಂಬಿದ ಯಾರೇ ಸಿಹಿನೀರಿನಲ್ಲಿ ಗಾಳ ಹಾಕಲು ಸರ್ಕಾರದ ರಾಡ್ ಲೈಸೆನ್ಸ್ ಬೇಕು. ಆನ್‌ಲೈನಿನಲ್ಲಿ ಒಂದು ದಿನ, ಎಂಟು ದಿನ, ಒಂದು ವರ್ಷದ ಲೆಕ್ಕದಲ್ಲಿ ಸಿಗುತ್ತದೆ. ಕೋಲು ಮುಟ್ಟುವ ಪ್ರತಿಯೊಬ್ಬರಿಗೂ ಬೇರೆ ಬೇರೆ ಬೇಕು. ಅಪ್ಪನ ಹೆಸರಿನದರಲ್ಲಿ ನೀವು ಹಾಕಿದರೆ ದಂಡ. ಅದರ ಮೇಲೆ ಆ ಕೆರೆಯ ಮಾಲೀಕರದ್ದೋ ಸಂಘದ್ದೋ ದಿನದ ಟಿಕೆಟ್ ಪ್ರತ್ಯೇಕ. ನಿಮ್ಮ ಊರಿನಲ್ಲೇ ಥೇಮ್ಸ್‌ಗೆ ಸೇರುವ ಕೆನೆಟ್ ನದಿ ಬಾರ್ಬೆಲ್‌ಗೆ ಹೆಸರುವಾಸಿ, ಆದರೆ ಹೊಸಬರಿಗೆ ಕಠಿಣ. ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಬಾರ್ಬೆಲ್, ಟೆಂಚ್, ಪೈಕ್‌ನಂಥ ಮೀನುಗಳಿಗೆ ಗಾಳ ಹಾಕುವಂತಿಲ್ಲ, ಅದು ಮೊಟ್ಟೆಯಿಡುವ ಕಾಲ. ಬಹುಪಾಲು ಕೆರೆಗಳು ಆಗಲೂ ತೆರೆದಿರುತ್ತವೆ. ಗಾಳಗಾರರ ಸಂಸ್ಥೆಯಾದ ಆಂಗ್ಲಿಂಗ್ ಟ್ರಸ್ಟ್‌ನ ಪರವಾನಗಿ ಇರುವ ತರಬೇತುದಾರರೊಬ್ಬರನ್ನು ಎರಡು ಮೂರು ಗಂಟೆಗೆ ಗೊತ್ತುಮಾಡಿಕೊಂಡರೆ ಸಲಕರಣೆ ಕೊಳ್ಳುವ ಖರ್ಚು ಬಹುಶಃ ಉಳಿಯುತ್ತದೆ. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ: ಮೇಲೆ ವಿದ್ಯುತ್ ತಂತಿ ಇದ್ದರೆ 30 ಮೀಟರ್ ದೂರವಿರಿ, ಗುಡುಗು ಕೇಳಿದೊಡನೆ ಕೋಲು ಕೆಳಗಿಟ್ಟು ಹೊರಡಿ. ಊಟಕ್ಕೆ ಮುಂಚೆ ಕೈ ಸೋಪು ಹಾಕಿ ತೊಳೆಯಿರಿ. ಇಲಿಯ ಮೂತ್ರದಿಂದ ನೀರಿಗೆ ಸೇರುವ ಲೆಪ್ಟೊಸ್ಪೈರಾ ಸೋಂಕು ಅಲ್ಲೂ ಇದೆ.

ಎರೆಹುಳು ಚುಚ್ಚಲು ಅಪ್ಪನಿಗೆ ಮನಸ್ಸಾಗದಿದ್ದರೆ ಚುಚ್ಚಬೇಕಾಗಿಯೂ ಇಲ್ಲ. ಡಬ್ಬಿಯ ಸ್ವೀಟ್ ಕಾರ್ನ್ ಟೆಂಚ್, ಕಾರ್ಪ್, ರೋಚ್ ಎಲ್ಲಕ್ಕೂ ಒಳ್ಳೆಯ ಎರೆ. ಒಂದು ಸಣ್ಣ ಡಬ್ಬಿ ಅರ್ಧ ದಿನಕ್ಕೆ ಸಾಕು. ಹಿಮ್ಮುಳ್ಳಿಲ್ಲದ 12ನೇ ನಂಬರಿನ ಗಾಳಕ್ಕೆ ಒಂದು ಅಥವಾ ಎರಡು ಕಾಳು ಸಿಕ್ಕಿಸಿ, ಗಾಳದ ತುದಿ ಕಾಳಿನಿಂದ ಚೂರು ಹೊರಗಿರಲಿ. ನಂಬರು ಹೆಚ್ಚಾದಷ್ಟೂ ಗಾಳ ಚಿಕ್ಕದು ಎಂಬುದು ನೆನಪಿರಲಿ, ಅಂಗಡಿಯಲ್ಲಿ ಎಲ್ಲರೂ ಇಲ್ಲಿ ಗೊಂದಲಗೊಳ್ಳುತ್ತಾರೆ. ಬೆಂಡಿನ ಸುತ್ತ ಐದಾರು ಕಾಳು ಎಸೆಯಿರಿ, ಹತ್ತು ನಿಮಿಷಕ್ಕೊಮ್ಮೆ ಮತ್ತೆ ಅಷ್ಟೇ. ಒಟ್ಟಿಗೆ ಹಿಡಿಗಟ್ಟಲೆ ಸುರಿದರೆ ಮೀನು ತಿಂದು ತಣಿದು ನಿಮ್ಮ ಕಾಳಿನ ಕಡೆ ತಿರುಗಿಯೂ ನೋಡುವುದಿಲ್ಲ. ಇಪ್ಪತ್ತು ನಿಮಿಷ ಏನೂ ಆಗದಿದ್ದರೆ ಕಾಳು ಬದಲಿಸಿ, ಆಳವನ್ನು ಒಂದೆರಡು ಇಂಚು ಹೆಚ್ಚುಕಡಿಮೆ ಮಾಡಿ. ಕೆಲವು ಕೆರೆಗಳಲ್ಲಿ ಇಂತಿಂಥ ಎರೆ ನಿಷಿದ್ಧ ಎಂಬ ಫಲಕ ಗೇಟಿನ ಹತ್ತಿರವೇ ಇರುತ್ತದೆ, ಡಬ್ಬಿ ತೆರೆಯುವ ಮುಂಚೆ ಅದನ್ನು ಓದಿಕೊಳ್ಳಿ.